ಬಾಯಾರಿಕೆಯೇ ಬೇರೆ, ಬಾಯಿ ಒಣಗುವುದೇ ಬೇರೆ

ಬಾಯಿಯನ್ನೂ ಕಣ್ಣನ್ನೂ ಒಣಗಿಸುವ ಶೋಗ್ರೆನ್ ರೋಗದವರು ಕೋಣೆಯೊಳಗೆ ಬಂದು ಕುಳಿತರೆಂದರೆ, ವರದಿಗಳ ಕಡತಕ್ಕಿಂತ ಮೊದಲು ಮೇಜಿನ ಮೇಲೆ ನೀರಿನ ಬಾಟಲಿ ಬರುತ್ತದೆ. ಎರಡು ಮಾತಿಗೊಂದು ಗುಟುಕು. ಜೊತೆಗೆ ಬಂದವರು ಆ ಬಾಟಲಿಯ ಕಡೆಗೆ ಕೈ ತೋರಿಸಿ, "ಇವರು ನೀರು ಸರಿಯಾಗಿ ಕುಡಿಯುವುದಿಲ್ಲ ಡಾಕ್ಟರ್, ನೀವಾದರೂ ಹೇಳಿ" ಎನ್ನುತ್ತಾರೆ. ಕೀಲುವಾತ ಮತ್ತು ಆಟೋಇಮ್ಯೂನ್ ಕಾಯಿಲೆಗಳ (ಶರೀರದ ರಕ್ಷಣಾ ವ್ಯವಸ್ಥೆ ಶರೀರದ ಮೇಲೆಯೇ ತಿರುಗಿಬೀಳುವ ಕಾಯಿಲೆಗಳ) ವೈದ್ಯೆಯಾಗಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳಿದಾಗಲೆಲ್ಲ ತಾಳ್ಮೆ ತಪ್ಪುತ್ತದೆ.

ಒಬ್ಬ ಗಂಡ ನನ್ನೆದುರು ಒಂದು ನೋಟ್‌ಬುಕ್ ತೆರೆದಿಟ್ಟಿದ್ದರು. ಎಡಗಡೆ ತಾರೀಖು, ಬಲಗಡೆ ಅಂದು ಹೆಂಡತಿ ಕುಡಿದ ನೀರಿನ ಅಳತೆ. ಎರಡು ಲೀಟರ್‌ನಿಂದ ಶುರುವಾದದ್ದು ನಾಲ್ಕೂವರೆಗೆ ಮುಟ್ಟಿತ್ತು. ಬಾಯಿ ಮಾತ್ರ ಮೊದಲಿನಷ್ಟೇ ಒಣಗಿತ್ತು. ಆಕೆ ರಾತ್ರಿ ಐದು ಸಲ ಮೂತ್ರಕ್ಕೆ ಏಳುತ್ತಿದ್ದರು, ನಿದ್ದೆಯಿಲ್ಲದೆ ಹಗಲು ತೂಕಡಿಸುತ್ತಿದ್ದರು. ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಷ್ಟು ಅಕ್ಕರೆಯಿಂದ ಬರೆದ ಅಂಕಿಗಳು ಅವು. ಅವರಿಗೆ ಹಾಗೆ ಮಾಡಿಸಿದ ಸಲಹೆಯ ಮೇಲೆ ಸಿಟ್ಟು ಬಂತು.

ನಮ್ಮ ಭಾಷೆಯೂ ಇಲ್ಲಿ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಬಾಯಿ ಆರಿದರೆ ಬಾಯಾರಿಕೆ. ಬಾಯಾರಿಕೆಯಾದರೆ ನೀರು. ಪದದೊಳಗೇ ಮದ್ದು ಅಡಗಿದೆ. ಆದರೆ ಬಾಯಾರಿಕೆ ಎಂಬುದು ಇಡೀ ಶರೀರಕ್ಕೆ ನೀರು ಕಡಿಮೆಯಾಗಿದೆ ಎಂದು ಮಿದುಳು ಕೊಡುವ ಸೂಚನೆ. ಶೋಗ್ರೆನ್ ರೋಗಿಯ ಶರೀರದಲ್ಲಿ ಸಾಮಾನ್ಯವಾಗಿ ನೀರಿಗೆ ಕೊರತೆಯಿಲ್ಲ. ಆ ನೀರನ್ನು ಲಾಲಾರಸವಾಗಿ, ಕಣ್ಣೀರಾಗಿ ಹೊರಗೆ ತರುವ ಗ್ರಂಥಿಗಳು ಸೋತಿವೆ.

ಇದನ್ನು ಇನ್ನಷ್ಟು ಬಿಡಿಸಿ ಹೇಳುತ್ತೇನೆ, ಏಕೆಂದರೆ ತಲೆಯಾಡಿಸಿ ಹೊರಟವರೇ ಮುಂದಿನ ಭೇಟಿಗೆ ಇನ್ನೂ ದೊಡ್ಡ ಬಾಟಲಿ ಹಿಡಿದು ಬರುತ್ತಾರೆ. ಮನೆಯ ಮೇಲಿನ ಟ್ಯಾಂಕ್ ತುಂಬಿದೆ, ನಲ್ಲಿ ತುಕ್ಕು ಹಿಡಿದು ಕಟ್ಟಿಕೊಂಡಿದೆ. ಟ್ಯಾಂಕಿಗೆ ಇನ್ನೂ ನೀರು ಸುರಿದರೆ ನಲ್ಲಿ ತೆರೆದುಕೊಳ್ಳುವುದಿಲ್ಲ, ಟ್ಯಾಂಕ್ ಉಕ್ಕಿ ಹರಿಯುತ್ತದೆ ಅಷ್ಟೆ. ಆ ಹೆಂಗಸು ರಾತ್ರಿ ಐದು ಸಲ ಎದ್ದದ್ದು ಈ ಉಕ್ಕುವಿಕೆಯಿಂದ. ಸೋಂಕಿನ ವಿರುದ್ಧ ಹೋರಾಡಬೇಕಾದ ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳು ಈ ರೋಗದಲ್ಲಿ ಲಾಲಾಗ್ರಂಥಿಯ ನಾಳಗಳ ಸುತ್ತ ಗುಂಪುಗೂಡಿ ಗ್ರಂಥಿಯನ್ನೇ ಹಾಳುಮಾಡುತ್ತವೆ. ಹಾಳಾಗದೆ ಉಳಿದ ಭಾಗವೂ ನರಗಳ ಆಜ್ಞೆಗೆ ಸರಿಯಾಗಿ ಓಗೊಡುವುದಿಲ್ಲ. ಹೀಗೆ ಸುಮ್ಮನೆ ಕುಳಿತ ಭಾಗವನ್ನು ಎಚ್ಚರಿಸಲು ಪೈಲೊಕಾರ್ಪಿನ್‌ನಂತಹ ಮಾತ್ರೆಗಳಿವೆ. ಗ್ರಂಥಿ ಅಲ್ಪಸ್ವಲ್ಪ ಉಳಿದಿದ್ದರೆ ಅವು ಕೆಲಸ ಮಾಡುತ್ತವೆ. ಆದರೆ ಹತೋಟಿಗೆ ಬಾರದ ಆಸ್ತಮಾ ಇರುವವರು, ಕೆಲವು ಬಗೆಯ ಗ್ಲಾಕೋಮಾ ಇರುವವರು ಅವನ್ನು ನುಂಗಬಾರದು. ಬೇರೆಯವರ ಚೀಟಿ ನೋಡಿ ತರಿಸಿಕೊಳ್ಳುವ ಮಾತ್ರೆಯಲ್ಲ ಅದು.

ಇನ್ನೊಂದು ವಿಷಯ. ಲಾಲಾರಸ ನೀರಲ್ಲ. ಅದರ ನೂರರಲ್ಲಿ 99 ಪಾಲು ನೀರೇ ಹೌದು, ಕೆಲಸವೆಲ್ಲ ಉಳಿದ ಒಂದು ಪಾಲಿನದು. ಬಾಯಿಗೆ ಜಾರುವ ಗುಣ ಕೊಡುವ ಮ್ಯೂಸಿನ್, ಆಮ್ಲವನ್ನು ತಣಿಸುವ ಬೈಕಾರ್ಬೊನೇಟ್, ಹಲ್ಲಿನ ಎನಾಮಲ್ ರಿಪೇರಿ ಮಾಡುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್, ಕ್ರಿಮಿಗಳನ್ನು ತಡೆಯುವ ಪ್ರೊಟೀನ್‌ಗಳು, ಎಲ್ಲವೂ ಆ ಒಂದು ಪಾಲಿನಲ್ಲಿವೆ. ನಿಮಿಷಕ್ಕೊಮ್ಮೆ ನೀರು ಗುಟುಕರಿಸುವವರು ಹೇಗೋ ಒಸರಿದ ಆ ಚೂರನ್ನೂ ತೊಳೆದು ನುಂಗಿಬಿಡುತ್ತಾರೆ. ಗುಟುಕು ಇಳಿದ ಎರಡು ನಿಮಿಷಕ್ಕೆ ನಾಲಿಗೆ ಮತ್ತೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ಊಟದ ಜೊತೆ ನೀರು ಬೇಕು, ಬಿಸ್ಕತ್ತು ಕೂಡ ನೀರಿಲ್ಲದೆ ಇವರ ಗಂಟಲಿಳಿಯುವುದಿಲ್ಲ. ಉಳಿದ ಹೊತ್ತಿನಲ್ಲಿ ಬಾಯಿ ತೇವ ಮಾಡುವ ಜೆಲ್ ಅಥವಾ ಸ್ಪ್ರೇ, ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಹುಳಿ ಪೆಪ್ಪರಮಿಂಟು ಚೀಪಿದರೆ ಜೊಲ್ಲು ಬರುತ್ತದೆ ಎಂದು ಡಬ್ಬಿಗಟ್ಟಲೆ ಇಟ್ಟುಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ರಕ್ಷಣೆಯಿಲ್ಲದ ಹಲ್ಲಿನ ಮೇಲೆ ಆಮ್ಲವನ್ನೂ ಸಕ್ಕರೆಯನ್ನೂ ಒಟ್ಟಿಗೆ ಸುರಿದಂತೆ ಅದು.

ಹಲ್ಲಿನ ವಿಷಯ ಬಂದಾಗ ನನಗೆ ಒಬ್ಬ ಶಾಲಾ ಶಿಕ್ಷಕಿ ನೆನಪಾಗುತ್ತಾರೆ. ನಲವತ್ತಾರರ ವಯಸ್ಸಿಗೆ ಒಂಬತ್ತು ಹಲ್ಲು ಕಳೆದುಕೊಂಡಿದ್ದರು. ವಸಡಿನ ಅಂಚಿನಲ್ಲೇ ಹುಳುಕು ಹಿಡಿಯುತ್ತಿತ್ತು, ಒಂದನ್ನು ತುಂಬಿಸಿದರೆ ಪಕ್ಕದ್ದು. ಹೋದಲ್ಲೆಲ್ಲ ಅವರಿಗೆ ಸಿಕ್ಕ ಬುದ್ಧಿಮಾತು ಒಂದೇ, "ಸರಿಯಾಗಿ ಹಲ್ಲುಜ್ಜಿ." ಆಕೆ ದಿನಕ್ಕೆ ನಾಲ್ಕು ಸಲ ಉಜ್ಜುತ್ತಿದ್ದರು. ತರಗತಿಯಲ್ಲಿ ಬಾಯಿ ಮುಚ್ಚಿಕೊಂಡೇ ನಗುವುದನ್ನು ಕಲಿತಿದ್ದರು. ರೋಗದ ಹೆಸರು ಹೇಳಿ, "ಇದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ" ಎಂದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು, "ಇದನ್ನು ಒಂದು ಕಾಗದದ ಮೇಲೆ ಬರೆದುಕೊಡುತ್ತೀರಾ?" ಬರೆದುಕೊಟ್ಟೆ. ಹಲ್ಲುಗಳು ಸಾಲಾಗಿ ವಸಡಿನ ಬಳಿಯೇ ಹುಳುಕಾಗುತ್ತಿದ್ದರೆ ದಂತವೈದ್ಯರು ಒಮ್ಮೆ ಕಣ್ಣಿನ ಬಗ್ಗೆಯೂ ಕೇಳಬೇಕು. ಫ್ಲೋರೈಡ್ ಹೆಚ್ಚಿರುವ ಪೇಸ್ಟನ್ನು ಅವರೇ ಬರೆದುಕೊಡಬಲ್ಲರು. ಉರಿಯುವ ಕೆಂಪು ನಾಲಿಗೆ, ಬಾಯಿಯ ಮೂಲೆಯಲ್ಲಿ ಬಿರುಕು ಕಂಡರೆ ಅದು ಹೆಚ್ಚಾಗಿ ಕ್ಯಾಂಡಿಡ ಎಂಬ ಶಿಲೀಂಧ್ರ. ಅದಕ್ಕೆ ಔಷಧಿ ಇದೆ.

ಕಣ್ಣಿನ ವಿಷಯದಲ್ಲಿ ಗೊಂದಲ ತಿರುಗುಮುರುಗಾಗಿದೆ. "ನನ್ನ ಕಣ್ಣಲ್ಲಿ ಧಾರಾಕಾರ ನೀರು ಸುರಿಯುತ್ತದೆ, ಒಣಗಿದೆ ಎನ್ನುತ್ತೀರಲ್ಲ?" ಪ್ರಶ್ನೆ ನ್ಯಾಯವಾದದ್ದೇ. ಕಣ್ಣಿನ ಮೇಲೆ ಸದಾ ಇರುವ ತೆಳು ಪದರ ಎಣ್ಣೆ, ನೀರು, ಮ್ಯೂಸಿನ್ ಸೇರಿ ಆದದ್ದು. ಅದು ಹರಿದಾಗ ಕಾರ್ನಿಯಾ ಉರಿಯುತ್ತದೆ, ಉರಿಗೆ ಪ್ರತಿಯಾಗಿ ಒಮ್ಮೆಲೇ ನೀರು ಚಿಮ್ಮುತ್ತದೆ, ಕೆನ್ನೆಗಿಳಿದು ಹೋಗುತ್ತದೆ. ಪದರವಾಗಿ ನಿಲ್ಲುವುದಿಲ್ಲ. ಹಾಗಾಗಿ ನೀರು ಸುರಿಯುವ ಕಣ್ಣು ಒಣ ಕಣ್ಣಾಗಿರಬಹುದು. ರೋಗ ಮುಂದುವರಿದಾಗ ಈ ಚಿಮ್ಮುವಿಕೆಯೂ ನಿಲ್ಲಬಹುದು. ಒಬ್ಬಾಕೆ ತಂದೆ ತೀರಿಕೊಂಡ ದಿನ ಒಂದು ಹನಿ ಕಣ್ಣೀರು ಬರಲಿಲ್ಲ ಎಂದು ಹೇಳಿದರು. ಗಂಟಲು ಬಿಗಿದು ಎದೆ ಬಿರಿಯುವಂತೆ ಅಳುತ್ತಿದ್ದರಂತೆ, ಕಣ್ಣು ಮಾತ್ರ ಮರಳು ತುಂಬಿದಂತೆ ಉರಿಯುತ್ತಿತ್ತಂತೆ. ಕಲ್ಲುಮನಸ್ಸಿನವಳು ಎಂದು ಬಂಧುಗಳು ಆಡಿಕೊಂಡರು. ಈ ಮಾತು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ.

ಕಣ್ಣಿನ ಹನಿಗಳ ಬಗ್ಗೆ ಒಂದೇ ಎಚ್ಚರಿಕೆ. ದಿನಕ್ಕೆ ನಾಲ್ಕಾರು ಸಲಕ್ಕಿಂತ ಹೆಚ್ಚು ಹಾಕಬೇಕಾದವರು ಸಂರಕ್ಷಕ ರಾಸಾಯನಿಕವಿಲ್ಲದ ಹನಿಗಳನ್ನೇ ಕೇಳಿ ಪಡೆಯಿರಿ. ಆ ರಾಸಾಯನಿಕವೇ ಕಣ್ಣಿನ ಮೇಲ್ಮೈಯನ್ನು ಕೆಣಕಬಲ್ಲದು. ಸೈಕ್ಲೋಸ್ಪೊರಿನ್ ಹನಿ ಬರೆದುಕೊಟ್ಟಿದ್ದರೆ ಎರಡು ವಾರಕ್ಕೇ ಕೈಬಿಡಬೇಡಿ, ಅದರ ಗುಣ ತಿಳಿಯಲು ತಿಂಗಳುಗಳೇ ಬೇಕು.

ಬಾಯಿ ಒಣಗಿದವರೆಲ್ಲರಿಗೂ ಈ ರೋಗವಿದೆ ಎಂದು ನಾನು ಹೇಳುತ್ತಿಲ್ಲ. ಅಲರ್ಜಿಯ ಮಾತ್ರೆ, ಖಿನ್ನತೆಯ ಕೆಲವು ಮಾತ್ರೆ, ಮೂತ್ರಚೀಲದ ಮಾತ್ರೆಗಳು ಇದಕ್ಕಿಂತ ಎಷ್ಟೋ ಹೆಚ್ಚು ಬಾಯಿಗಳನ್ನು ಒಣಗಿಸುತ್ತವೆ. ನಿಜವಾದ ಬಾಯಾರಿಕೆಯಿದ್ದು ಮೂತ್ರವೂ ವಿಪರೀತವಾಗಿದ್ದರೆ ಮೊದಲು ಸಕ್ಕರೆ ಕಾಯಿಲೆಯನ್ನು ನೋಡಬೇಕು. ಶೋಗ್ರೆನ್ ಇರುವವರಲ್ಲೂ ಮೂತ್ರಪಿಂಡ ತೊಂದರೆಗೊಳಗಾಗಿ ಪೊಟ್ಯಾಸಿಯಂ ಇಳಿಯುವುದುಂಟು. ಆಗ ಕೈಕಾಲು ಸೋಲಬಹುದು. ಇದನ್ನೆಲ್ಲ ಅಂಕಣ ಓದಿ ನಿರ್ಧರಿಸಲಾಗದು, ಪರೀಕ್ಷೆ ಬೇಕು.

ಪರೀಕ್ಷೆಯಲ್ಲೂ ಜನ ಒಂದು ಕಾಗದಕ್ಕೆ ಜೋತುಬೀಳುತ್ತಾರೆ. ಈ ರೋಗದ ಸುಳಿವಿಗಾಗಿ ರಕ್ತದಲ್ಲಿ ಹುಡುಕುವ ರೋ ಎಂಬ ಪ್ರತಿಕಾಯ ನೆಗೆಟಿವ್ ಎಂದರೆ ಕಾಯಿಲೆ ಇಲ್ಲ ಎಂದು ಸಂಭ್ರಮಿಸಿದವರು ಮೂರು ವರ್ಷದ ನಂತರ ಹಲ್ಲು ಕಳೆದುಕೊಂಡು ಬಂದದ್ದಿದೆ. ರೋಗವಿರುವವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಮಂದಿಗೆ ಅದು ನೆಗೆಟಿವ್ ಬರುತ್ತದೆ. ಅಂಥವರಿಗೆ ಕೆಳತುಟಿಯ ಒಳಬದಿಯಿಂದ ಪುಟ್ಟ ಗ್ರಂಥಿಗಳನ್ನು ತೆಗೆದು ಬಯಾಪ್ಸಿ ಮಾಡಬೇಕಾಗುತ್ತದೆ. ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷದಲ್ಲಿ 5 ಮಿಲಿಮೀಟರ್‌ಗಿಂತ ಹೆಚ್ಚು ಒದ್ದೆಯಾಗುತ್ತದೆಯೇ ಎಂದು ನೋಡುತ್ತೇವೆ. ಹದಿನೈದು ನಿಮಿಷ ಬಾಯಲ್ಲಿ ಊರಿದ ಲಾಲಾರಸವನ್ನು ಬಟ್ಟಲಿಗೆ ಉಗುಳಿಸಿ ಅಳೆಯುತ್ತೇವೆ, ಒಂದೂವರೆ ಮಿಲಿಲೀಟರ್ ದಾಟದಿದ್ದರೆ ಅದು ಕಡಿಮೆ. ನೋಟ್‌ಬುಕ್ಕಿನ ಗಂಡನಿಗೆ ನಾನು ತೋರಿಸಿದ್ದು ಈ ಬಟ್ಟಲನ್ನೇ. ನಾಲ್ಕೂವರೆ ಲೀಟರ್ ಕುಡಿದವರ ಬಟ್ಟಲಿನ ತಳ ಕೂಡ ಮುಚ್ಚಿರಲಿಲ್ಲ.

ಸ್ವೀಡನ್ನಿನ ನೇತ್ರವೈದ್ಯ ಹೆನ್ರಿಕ್ ಶೋಗ್ರೆನ್ 1933ರ ತಮ್ಮ ಪ್ರಬಂಧದಲ್ಲಿ ಒಣ ಕಣ್ಣಿನ 19 ಮಹಿಳೆಯರನ್ನು ವಿವರಿಸಿದರು. ಅವರಲ್ಲಿ 13 ಮಂದಿಗೆ ಕೀಲುವಾತವಿತ್ತು. ಕಣ್ಣಿನ ವೈದ್ಯರೊಬ್ಬರು ರೋಗಿಯ ಬೆರಳಿನ ಗಂಟುಗಳನ್ನೂ ನೋಡಿದ್ದರಿಂದ ಇದು ಇಡೀ ಶರೀರದ ಕಾಯಿಲೆ ಎಂದು ತಿಳಿದುಬಂತು. ಇಂದಿಗೂ ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು, ಹೆಚ್ಚಿನವರು ಮಧ್ಯವಯಸ್ಸಿನವರು. ಅವರ ದಣಿವನ್ನು ವಯಸ್ಸಿನ ಲೆಕ್ಕಕ್ಕೆ, ಮನಸ್ಸಿನ ಲೆಕ್ಕಕ್ಕೆ ಬರೆಯುವುದು ಬಹಳ ಸುಲಭ. 2011ರಲ್ಲಿ ಟೆನಿಸ್ ಆಟಗಾರ್ತಿ ವೀನಸ್ ವಿಲಿಯಮ್ಸ್ ಇದೇ ರೋಗದಿಂದಾಗಿ ಅಮೆರಿಕನ್ ಓಪನ್‌ನಿಂದ ಹಿಂದೆ ಸರಿದರು. ಅಂಥ ಕಸುವಿನ ಶರೀರವನ್ನೇ ಕೆಡವಿದ ಆಯಾಸ ಇದು.

ಗರ್ಭ ಧರಿಸುವ ಯೋಚನೆಯಿರುವವರು ರೋ ಪ್ರತಿಕಾಯ ಇದೆಯೇ ಎಂದು ಮೊದಲೇ ತಿಳಿದಿರಬೇಕು. ಅದು ಮಾಸುಚೀಲ ದಾಟಿ ಮಗುವಿನ ಹೃದಯದ ಬಡಿತಕ್ಕೆ ತಡೆಯೊಡ್ಡಬಲ್ಲದು. ನೂರು ಗರ್ಭಗಳಲ್ಲಿ ಒಂದೆರಡರಲ್ಲಿ ಮಾತ್ರ ಹಾಗಾಗುತ್ತದೆ. ಹೆದರಿಕೆ ಬೇಡ, ಆದರೆ ಪ್ರಸೂತಿ ವೈದ್ಯರಿಗೆ ಹೇಳದೆ ಇರಬೇಡಿ.

ನೋಟ್‌ಬುಕ್ ತಂದಿದ್ದ ಗಂಡ ಕೊನೆಗೆ, "ಹಾಗಾದರೆ ನಾನು ಏನು ಬರೆದಿಡಲಿ?" ಎಂದು ಕೇಳಿದರು. ತಿಂಗಳಿಗೊಮ್ಮೆ ನಿಮ್ಮ ಹೆಂಡತಿಯ ಕಿವಿಯ ಮುಂದೆ, ದವಡೆಯ ಕೆಳಗೆ ಊತವಿದೆಯೇ ಎಂದು ಮುಟ್ಟಿ ನೋಡಿ ಎಂದೆ. ಈ ರೋಗದವರಲ್ಲಿ ನೂರಕ್ಕೆ ಸುಮಾರು ಐದು ಮಂದಿಗೆ ಜೀವಮಾನದಲ್ಲಿ ಎಂದಾದರೂ ಲಿಂಫೋಮಾ ಎಂಬ ಕ್ಯಾನ್ಸರ್ ಬರಬಹುದು. ಬೇಗ ತಿಳಿದರೆ ಅದರ ಚಿಕಿತ್ಸೆ ಸುಲಭ. ಊತ ಬಂದು ವಾರಗಳಾದರೂ ಇಳಿಯದಿದ್ದರೆ, ಒಂದೇ ಕಡೆ ಗಟ್ಟಿಯಾಗುತ್ತಿದ್ದರೆ, ಕಾಲಿನ ಮೇಲೆ ನೇರಳೆ ಚುಕ್ಕೆಗಳು ಕಂಡರೆ, ಕಾರಣವಿಲ್ಲದೆ ಜ್ವರ ಬಂದು ತೂಕ ಇಳಿದರೆ, ಮುಂದಿನ ಭೇಟಿಯ ತಾರೀಖಿಗೆ ಕಾಯದೆ ಕರೆದುಕೊಂಡು ಬನ್ನಿ. ಅವರು ಹೊಸ ಪುಟ ತಿರುಗಿಸಿ, ಗೆರೆ ಎಳೆದು, ತಲೆಬರಹ ಏನು ಕೊಡಲಿ ಎಂದು ಹೆಂಡತಿಯ ಮುಖ ನೋಡಿದರು.