ಕೇಬಲ್ಲಿನೊಳಗಿನ ಅಲೆಯನ್ನು ಸ್ಪೈಸ್‌ನಲ್ಲಿ ನೋಡುವುದು

ಉದ್ದನೆಯ ಕೇಬಲ್ಲಿಗೆ ಬ್ಯಾಟರಿ ಜೋಡಿಸಿದ ಕ್ಷಣದಲ್ಲಿ ಎಷ್ಟು ಕರೆಂಟ್ ಹರಿಯುತ್ತದೆ? ಆಚೆ ತುದಿಯ ಲೋಡ್ ನೋಡಿ ಓಮ್ ನಿಯಮ ಹಚ್ಚುವ ವಿದ್ಯಾರ್ಥಿಗಳೇ ಹೆಚ್ಚು. ಆದರೆ ಅಲೆ ಇನ್ನೂ ಲೋಡನ್ನು ಮುಟ್ಟಿಯೇ ಇರುವುದಿಲ್ಲ. ಆ ಹೊತ್ತಿನ ಕರೆಂಟನ್ನು ನಿರ್ಧರಿಸುವುದು ಕೇಬಲ್ಲಿನ ಕ್ಯಾರೆಕ್ಟರಿಸ್ಟಿಕ್ ಇಂಪೆಡೆನ್ಸ್, ಅಂದರೆ ಅದರಲ್ಲಿ ಸಾಗುವ ಅಲೆಯ ವೋಲ್ಟೇಜಿಗೂ ಕರೆಂಟಿಗೂ ಇರುವ ಅನುಪಾತ. ಇದನ್ನು ಮನದಟ್ಟು ಮಾಡಿಸಲು ಸ್ಪೈಸ್‌ನಂಥ ಸರ್ಕ್ಯೂಟ್ ಸಿಮ್ಯುಲೇಟರ್ ಬಹಳ ಒಳ್ಳೆಯ ಸಾಧನ.

ಕೆಲಸ ಶುರುವಾಗಬೇಕಾದ್ದು ಮಾತ್ರ ಕಾಗದದ ಮೇಲೆ. ಒಂದು ಕೋಆಕ್ಸಿಯಲ್ ಕೇಬಲ್ (ನಡುವೆ ತಂತಿ, ಸುತ್ತ ಕೊಳವೆಯಂಥ ಹೊರ ವಾಹಕ) ತೆಗೆದುಕೊಳ್ಳಿ: ಹೊರ ಮತ್ತು ಒಳ ವಾಹಕಗಳ ತ್ರಿಜ್ಯಗಳ ಅನುಪಾತ 3.5, ನಡುವೆ 2.25 ಸಾಪೇಕ್ಷ ಪರ್ಮಿಟಿವಿಟಿಯ ಪಾಲಿಥೀನ್. ಗಾಸ್ ಮತ್ತು ಆಂಪಿಯರ್ ನಿಯಮಗಳಿಂದ ಲೆಕ್ಕ ಹಾಕಿದರೆ ಮೀಟರಿಗೆ ಸುಮಾರು 250 ನ್ಯಾನೊಹೆನ್ರಿ ಇಂಡಕ್ಟೆನ್ಸ್, 100 ಪಿಕೊಫ್ಯಾರಡ್ ಕೆಪಾಸಿಟೆನ್ಸ್ ಬರುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ವರ್ಗಮೂಲ ತೆಗೆದರೆ ಇಂಪೆಡೆನ್ಸ್ 50 ಓಮ್. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಮೀಟರಿಗೆ 5 ನ್ಯಾನೊಸೆಕೆಂಡ್, ಅಂದರೆ ಅಲೆ 10 ಮೀಟರ್ ದಾಟಲು 50 ನ್ಯಾನೊಸೆಕೆಂಡ್. ಕ್ಷೇತ್ರದಿಂದ ಸರ್ಕ್ಯೂಟಿಗೆ ಸೇತುವೆ ಬೀಳುವುದು ಇಲ್ಲೇ. ಈ ಹಂತ ಬಿಟ್ಟರೆ ಮುಂದಿನದು ಬರೀ ಸಾಫ್ಟ್‌ವೇರ್ ಅಭ್ಯಾಸ.

ಈಗ ಮೀಟರಿಗೆ ಒಂದು ಇಂಡಕ್ಟರ್, ಒಂದು ಕೆಪಾಸಿಟರ್‌ನಂತೆ ಹತ್ತು ಮೆಟ್ಟಿಲಿನ ಏಣಿ ಕಟ್ಟಿ. 50 ಓಮ್ ಒಳರೋಧದ, ಸೊನ್ನೆಯಿಂದ ಥಟ್ಟನೆ 10 ವೋಲ್ಟಿಗೆ ಏರುವ ಸ್ಟೆಪ್ ಮೂಲ, ಆ ಏರಿಕೆಗೆ 5 ನ್ಯಾನೊಸೆಕೆಂಡ್ ರೈಸ್ ಟೈಮ್, 150 ಓಮ್ ಲೋಡ್. ಓಡಿಸುವ ಮೊದಲೇ ವಿದ್ಯಾರ್ಥಿಗಳಿಂದ ಉತ್ತರ ಬರೆಸಿ: ಮೂಲದ ತುದಿಯಲ್ಲಿ 5 ವೋಲ್ಟ್, ಪ್ರತಿಫಲನ ಗುಣಾಂಕ (ಲೋಡ್ ಮುಟ್ಟಿದ ಅಲೆಯಲ್ಲಿ ಹಿಂದಿರುಗುವ ಪಾಲು) 0.5, ಸುಮಾರು 50 ನ್ಯಾನೊಸೆಕೆಂಡಿಗೆ ಲೋಡ್ 7.5ಕ್ಕೆ ಏರುತ್ತದೆ, 100ಕ್ಕೆ ಮೂಲದ ತುದಿಯೂ 7.5.

ಪರದೆಯ ಮೇಲೆ ವೋಲ್ಟೇಜ್ ಮೆಟ್ಟಿಲಿನಂತೆ ಏರುವುದೇನೋ ಕಾಣುತ್ತದೆ, ಆದರೆ ಏರಿದ ಮೇಲೆ ಅದರ ತಲೆಯಲ್ಲಿ ಜೋರು ಅಲುಗಾಟ. ಸಾಫ್ಟ್‌ವೇರ್ ಕೆಟ್ಟಿಲ್ಲ. ಒಂದೊಂದು ಮೀಟರಿನ ಏಣಿ ಸುಮಾರು 64 ಮೆಗಾಹರ್ಟ್ಸ್‌ಗಿಂತ ಮೇಲಿನದನ್ನು ದಾಟಲು ಬಿಡುವುದಿಲ್ಲ. 5 ನ್ಯಾನೊಸೆಕೆಂಡಿನಲ್ಲಿ ಏರುವ ನಮ್ಮ ಅಂಚಿನಲ್ಲಿರುವ ಆವರ್ತನಗಳು ಸುಮಾರು 70ರವರೆಗೂ ಹೋಗುತ್ತವೆ. 25 ನ್ಯಾನೊಹೆನ್ರಿ, 10 ಪಿಕೊಫ್ಯಾರಡ್‌ನ ನೂರು ಮೆಟ್ಟಿಲು ಮಾಡಿದರೆ ಮಿತಿ 640ಕ್ಕೆ ಏರಿ ಅಲುಗಾಟ ಬಹುಮಟ್ಟಿಗೆ ಅಡಗುತ್ತದೆ. ನೂರನ್ನೂ ಕೈಯಲ್ಲಿ ಬಿಡಿಸಬೇಕಿಲ್ಲ, ಹತ್ತರದ್ದೊಂದು ಸಬ್‌ಸರ್ಕ್ಯೂಟ್ ಮಾಡಿ ಸಾಲಾಗಿ ಜೋಡಿಸಿದರಾಯಿತು. ಆಮೇಲೆ ಸ್ಪೈಸ್‌ನ ಸಿದ್ಧ ಟ್ರಾನ್ಸ್‌ಮಿಷನ್ ಲೈನ್ ಅಂಶವನ್ನು ಪಕ್ಕದಲ್ಲಿಟ್ಟು ಹೋಲಿಸಿ.

ಎಡವುವ ಜಾಗಗಳಿವೆ. ಲೈನ್ ಅಂಶಕ್ಕೆ ನಾಲ್ಕು ತುದಿಗಳು. ಎರಡೂ ಕಡೆಯ ಕೆಳ ತುದಿಗಳನ್ನು ಗ್ರೌಂಡ್‌ಗೆ ಸೇರಿಸದಿದ್ದರೆ ದೋಷ ಬರುತ್ತದೆ. ಸಿಮ್ಯುಲೇಟರ್ ಒಮ್ಮೆಗೆ ಮುಂದೆ ಹೋಗುವ ಗರಿಷ್ಠ ಕಾಲಹೆಜ್ಜೆಯನ್ನು 0.1 ನ್ಯಾನೊಸೆಕೆಂಡಿಗೆ ಕಟ್ಟಿಹಾಕಿ, ಇಲ್ಲದಿದ್ದರೆ ಅಂಚುಗಳು ಮೊಂಡಾಗಬಹುದು. ಮೆಗಾಗೆ 'ಮೆಗ್' ಎಂದೇ ಟೈಪಿಸಬೇಕು, ಬರೀ 'ಎಂ' ಎಂದರೆ ಸ್ಪೈಸ್‌ಗೆ ಮಿಲಿ.

ಕೇಬಲ್ಲಿನಿಂದ ಹೊರಕ್ಕೆ ಸೋರುವ ವಿಕಿರಣ ಈ ಮಾದರಿಯಲ್ಲಿ ಇಲ್ಲವೇ ಇಲ್ಲ. ಆಂಟೆನಾ ಪಾಠಕ್ಕೆ ಕ್ಷೇತ್ರ ಸಮೀಕರಣಗಳನ್ನೇ ನೇರವಾಗಿ ಬಿಡಿಸುವ ಸಾಫ್ಟ್‌ವೇರ್ ಬೇಕು.