ಪ್ಯಾರಾಟ್ರೂಪರ್‌ಗಳು ಇಳಿದರೆ ಯುದ್ಧ ಗೆದ್ದ ಹಾಗೇನಾ?

ಪ್ರಶ್ನೆ: ಶತ್ರು ದೇಶದ ರಾಜಧಾನಿ ಪಕ್ಕದಲ್ಲೇ ಸೈನಿಕರನ್ನು ಆಕಾಶದಿಂದ ಇಳಿಸಿಬಿಟ್ಟರೆ ಯುದ್ಧ ಬೇಗ ಮುಗಿಯುತ್ತೆ ಅಲ್ವಾ? ಮತ್ತೆ ಟ್ಯಾಂಕು, ಕಾಲಾಳು ಎಲ್ಲಾ ಯಾಕೆ ಬೇಕು?

ಮುಗಿಯಲ್ಲ. ಹೀಗೆ ಇಳಿದವರಿಗೆ ಕೊಡುವ ಕೆಲಸ ತುಂಬಾ ಚಿಕ್ಕದು, ತುಂಬಾ ಕಷ್ಟದ್ದು. ಒಂದು ಸೇತುವೆಯನ್ನೋ ರನ್‌ವೇಯನ್ನೋ ಹಿಡಿಯಬೇಕು. ನೆಲದ ಸೇನೆ ಬಂದು ಸೇರುವವರೆಗೆ ಬಿಟ್ಟುಕೊಡಬಾರದು. ಈ ಸೇರುವಿಕೆಗೆ ಸೈನ್ಯದಲ್ಲಿ ಲಿಂಕ್-ಅಪ್ ಅಂತಾರೆ. ಎಲ್ಲಾ ನಿಂತಿರುವುದು ಅದರ ಮೇಲೆ.

ಹಾರುವ ಸೈನಿಕನನ್ನೇ ನೋಡಿ. ಬೆನ್ನಿಗೆ ಪ್ಯಾರಾಚೂಟ್, ಹೊಟ್ಟೆಯ ಹತ್ತಿರ ತುರ್ತಿಗೆ ಇನ್ನೊಂದು ರಿಸರ್ವ್ ಪ್ಯಾರಾಚೂಟ್, ಅದರ ಕೆಳಗೆ ಕಟ್ಟಿದ ಭಾರದ ಚೀಲ. ನೆಲ ಹತ್ತಿರ ಬಂದಾಗ ಆ ಚೀಲವನ್ನು ಹಗ್ಗದಲ್ಲಿ ಕೆಳಗೆ ಇಳಿಬಿಡಬೇಕು. ಅದರ ಸಮೇತ ಬಿದ್ದರೆ ಕಾಲು ಮುರಿಯಬಹುದು. ಗುಂಡು, ನೀರು, ಊಟ ಎಲ್ಲಾ ಅದರಲ್ಲೇ. ಅದು ಖಾಲಿಯಾಗುವ ಮುಂಚೆ ಯಾರಾದರೂ ಬಂದು ತಲುಪಲೇಬೇಕು.

2022ರ ಫೆಬ್ರವರಿ 24ರಂದು ರಷ್ಯಾ ಎಡವಿದ್ದು ಇಲ್ಲೇ. ಅವತ್ತು ಬೆಳಿಗ್ಗೆ ಹೆಲಿಕಾಪ್ಟರ್‌ಗಳು ನೀರಿನ ಮೇಲೆ ತೀರಾ ಕೆಳಗೆ ಹಾರುತ್ತಾ ಬಂದು, ಉಕ್ರೇನಿನ ರಾಜಧಾನಿ ಕೀವ್ ಪಕ್ಕದ ಹೊಸ್ತೊಮೆಲ್ ವಿಮಾನ ನಿಲ್ದಾಣದಲ್ಲಿ ಕೆಲವು ನೂರು ಸೈನಿಕರನ್ನು ಇಳಿಸಿದವು. ರನ್‌ವೇ ಕೈಗೆ ಸಿಕ್ಕರೆ ಐಎಲ್-76 ಅನ್ನುವ ದೊಡ್ಡ ಸಾಗಣೆ ವಿಮಾನಗಳಲ್ಲಿ ಇನ್ನಷ್ಟು ಪಡೆ ತರುವುದು ಲೆಕ್ಕಾಚಾರ. ಕಾವಲಿಗೆ ಉಳಿದಿದ್ದ ಉಕ್ರೇನಿನವರು ಕಡಿಮೆ ಜನ. ಆದರೂ ಹೆಗಲ ಮೇಲಿಂದ ಹಾರಿಸುವ ಕ್ಷಿಪಣಿಗಳಿಂದ ಹೆಲಿಕಾಪ್ಟರ್ ಕೆಡವಿದರು. ಅವರ ಫಿರಂಗಿಗಳು ರನ್‌ವೇಯನ್ನೇ ಹೊಡೆದವು. ದೊಡ್ಡ ವಿಮಾನಗಳು ಇಳಿಯಲೇ ಇಲ್ಲ. ಮಾರನೇ ದಿನ ಬೆಲಾರೂಸ್ ಕಡೆಯಿಂದ ರಷ್ಯಾದ ಪಡೆ ಬಂದು ನಿಲ್ದಾಣ ಹಿಡಿದುಕೊಂಡಿತು, ನಿಜ. ಆದರೆ ಕೀವ್‌ಗೆ ಸಜ್ಜಾಗಲು ಅಷ್ಟು ಹೊತ್ತು ಸಾಕಾಯಿತು. ನನ್ನ ಪ್ರಕಾರ ಆ ಯುದ್ಧದ ದಿಕ್ಕು ತಿರುಗಿದ್ದೇ ಆ ಒಂದು ದಿನದಲ್ಲಿ.

ಎದುರಿಸುವವರೇ ಇಲ್ಲದ ರನ್‌ವೇ ಆದರೆ ಕಥೆ ಬೇರೆ. 1988ರ ನವೆಂಬರ್‌ನಲ್ಲಿ ಮಾಲ್ಡೀವ್ಸ್‌ನಲ್ಲಿ ದಂಗೆ ಎದ್ದಾಗ ನಮ್ಮ ಪ್ಯಾರಾ ಪಡೆ ಆಗ್ರಾದಿಂದ ವಿಮಾನದಲ್ಲಿ ಹೊರಟು ಅಲ್ಲಿನ ವಿಮಾನ ನಿಲ್ದಾಣವಿರುವ ಹುಲ್ಹುಲೆ ದ್ವೀಪದಲ್ಲಿ ಇಳಿಯಿತು. ಪ್ಯಾರಾಚೂಟ್ ಬಿಚ್ಚುವ ಅಗತ್ಯವೇ ಬೀಳಲಿಲ್ಲ.

ಲಿಂಕ್-ಅಪ್ ಸರಿಯಾಗಿ ಆಗಿದ್ದನ್ನು ನೋಡಬೇಕಾದರೆ 1971ರ ಬಾಂಗ್ಲಾ ಯುದ್ಧದ ಟಾಂಗೈಲ್‌ಗೆ, ಅಂದರೆ ಈಗಿನ ಬಾಂಗ್ಲಾದೇಶದ ಒಂದು ಊರಿಗೆ ಹೋಗಬೇಕು. ಡಿಸೆಂಬರ್ 11ರ ಸಂಜೆ ಕರ್ನಲ್ ಪನ್ನು ಅವರ 2 ಪ್ಯಾರಾ ಬೆಟಾಲಿಯನ್ ಪೂಂಗ್ಲಿ ಸೇತುವೆ ಹತ್ತಿರ ಹಾರಿತು. ಢಾಕಾ ಕಡೆ ಹಿಂದೆ ಸರಿಯುತ್ತಿದ್ದ ಪಾಕಿಸ್ತಾನದ ಬ್ರಿಗೇಡಿಗೆ ಅಡ್ಡ ಹಾಕುವುದು ಕೆಲಸ. ಆ ಬ್ರಿಗೇಡಿನ ಒಂದಷ್ಟು ಜನ ಆಗಲೇ ದಾಟಿಹೋಗಿದ್ದರು. ನಮ್ಮವರು ಅಲ್ಲಲ್ಲಿ ಚದುರಿ ಬಿದ್ದರು. ಆದರೆ ಆ ನೆಲದ ಜನ ನಮ್ಮ ಕಡೆಗಿದ್ದರು. ಹಳ್ಳಿಯವರು ಓಡಿ ಬಂದು ಸಾಮಾನು ಹೊತ್ತುಕೊಟ್ಟರು. ಇದು ಯಾವ ನಕ್ಷೆಯಲ್ಲೂ ಕಾಣದ ಬಲ. ರಾತ್ರಿಯಿಡೀ ಸೇತುವೆ ಕೈಬಿಡಲಿಲ್ಲ. ಮರುದಿನ ಸಂಜೆ ಮರಾಠಾ ಲೈಟ್ ಇನ್‌ಫೆಂಟ್ರಿಯವರು ಉತ್ತರದಿಂದ ಬಂದು ಸೇರಿಕೊಂಡರು. ಇದೇ ರೆಜಿಮೆಂಟಿನ ಕೇಂದ್ರ ಇರುವುದು ನಮ್ಮ ಬೆಳಗಾವಿಯಲ್ಲಿ.

ಡಿಸೆಂಬರ್ 16ರ ಬೆಳಿಗ್ಗೆ ಢಾಕಾ ಒಳಗೆ ಮೊದಲು ಕಾಲಿಟ್ಟವರಲ್ಲಿ ಇದೇ 2 ಪ್ಯಾರಾದವರಿದ್ದರು. ಮೀರ್‌ಪುರ ಸೇತುವೆ ದಾಟಿ, ರಸ್ತೆಯಲ್ಲೇ ಹೋದರು.