ಅಕಲ್ಚರೇಟಿವ್ ಸ್ಟ್ರೆಸ್ ಅಂದರೇನು?

ಭಟ್ಕಳದ ಕಡೆಯವರು ದುಬೈ, ಸೌದಿಗೆ ಹೋದರೆ ಶಿರಸಿ ಕಡೆಯ ಮಕ್ಕಳು ಅಮೆರಿಕ, ಕೆನಡಾ ಅಂತ ಹೋಗುತ್ತಾರೆ. ಸಂಬಳ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ರಾತ್ರಿ ನಿದ್ದೆ ಬರುತ್ತಾ ಅಂತ ಕೇಳುವವರು ಕಡಿಮೆ.

ಬೇರೆ ಸಂಸ್ಕೃತಿಯ ನಡುವೆ ಬದುಕು ಕಟ್ಟಿಕೊಳ್ಳುವಾಗ ಮನಸ್ಸಿನ ಮೇಲೆ ಬೀಳುವ ಒತ್ತಡಕ್ಕೆ ಅಕಲ್ಚರೇಟಿವ್ ಸ್ಟ್ರೆಸ್ ಅನ್ನುತ್ತಾರೆ. ಇದು ಕಾಯಿಲೆಯಲ್ಲ. ಆದರೆ ಭಾಷೆ ಬಾರದ ಸಂಕಟ, ವೀಸಾ ಚಿಂತೆ, ತಾರತಮ್ಯ, ಒಂಟಿತನ ಎಲ್ಲ ಸೇರಿ ಬಹಳ ದಿನ ಕಾಡಿದರೆ ಖಿನ್ನತೆಗೆ, ಆತಂಕಕ್ಕೆ ತಿರುಗಬಹುದು.

ಮಗಳ ಬಾಣಂತನಕ್ಕೆ ಅಂತ ಹೋದ ಆಯಿ, ಅಪ್ಪಯ್ಯನನ್ನೇ ನೋಡಿ. ಊರಲ್ಲಿ ಅಪ್ಪಯ್ಯನಿಗೆ ಬೆಳಿಗ್ಗೆ ತೋಟಕ್ಕೊಂದು ಸುತ್ತು, ಮಧ್ಯಾಹ್ನ ಜಗಲಿಯಲ್ಲಿ ಕವಳದ ಬಟ್ಟಲು ಮುಂದಿಟ್ಟುಕೊಂಡು ಅಡಿಕೆ ದರದ ಮಾತು. ಅಲ್ಲಿ ಕಾರಿಲ್ಲದೆ ಎಲ್ಲಿಗೂ ಹೋಗುವ ಹಾಗಿಲ್ಲ, ಮೊಮ್ಮಕ್ಕಳು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾರೆ. ಊಟ ಕಮ್ಮಿಯಾಗುತ್ತದೆ. ನಡುರಾತ್ರಿ ಎದ್ದು ಕೂರುತ್ತಾರೆ, ದಿನಾ "ಟಿಕೆಟ್ ಯಾವಾಗಿಂದು?" ಅಂತ ಕೇಳುತ್ತಾರೆ. ಮಕ್ಕಳಿಗೆ ಅದು ಹಠ ಅನ್ನಿಸುತ್ತದೆ. ಹಠ ಅಲ್ಲ ಅದು, ನೋವು.

ಕೆನಡಾದ ಮನಶ್ಶಾಸ್ತ್ರಜ್ಞ ಜಾನ್ ಬೆರ್ರಿ ವಲಸೆ ಹೋದವರಲ್ಲಿ ನಾಲ್ಕು ದಾರಿ ಗುರುತಿಸಿದರು. ಕೆಲವರು ತಮ್ಮದನ್ನು ಬಿಟ್ಟು ಪೂರ್ತಿ ಅಲ್ಲಿಯವರಾಗುತ್ತಾರೆ, ಕೆಲವರು ತಮ್ಮವರ ಜೊತೆಗೇ ಉಳಿಯುತ್ತಾರೆ, ಕೆಲವರಿಗೆ ಎರಡೂ ಕೈತಪ್ಪುತ್ತದೆ. ಇನ್ನು ಕೆಲವರು ತಮ್ಮದನ್ನೂ ಉಳಿಸಿಕೊಂಡು ಅಲ್ಲಿಯವರ ಜೊತೆಯೂ ಬೆರೆಯುತ್ತಾರೆ. 13 ದೇಶಗಳ ವಲಸಿಗ ಹದಿಹರೆಯದವರ ಬಗ್ಗೆ ಬೆರ್ರಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚು ನೆಮ್ಮದಿಯಿಂದ ಇದ್ದವರು ಈ ಕೊನೆಯವರೇ.

ನಮ್ಮ ಜಿಲ್ಲೆಯಲ್ಲೇ ಮುಂಡಗೋಡಿನ ಟಿಬೆಟನ್ನರಿದ್ದಾರೆ, 1960ರ ದಶಕದಲ್ಲಿ ಬಂದು ನೆಲೆಸಿದವರು. ಮಠ, ಭಾಷೆ, ಹಬ್ಬ ಎಲ್ಲ ಉಳಿಸಿಕೊಂಡಿದ್ದಾರೆ, ಪೇಟೆಗೆ ಬಂದರೆ ಕನ್ನಡದಲ್ಲಿ ವ್ಯಾಪಾರ ಮಾಡುವವರೂ ಇದ್ದಾರೆ. ಆದರೆ ಬೆರೆಯುವುದು ಬಂದವರೊಬ್ಬರ ಕೈಯಲ್ಲಿಲ್ಲ, ಅಲ್ವಾ? ಹೆಸರು ಕೇಳಿದ ಕೂಡಲೇ ಬಾಡಿಗೆಗೆ ಮನೆ ಇಲ್ಲ ಅನ್ನುವ ಊರಲ್ಲಿ ಯಾರ ಜೊತೆ ಬೆರೆಯುವುದು? ಅದಕ್ಕೇ "ನೀನೇ ಹೊಂದಿಕೊಂಡು ಹೋಗು" ಅನ್ನುವ ಬುದ್ಧಿಮಾತು ನನಗೆ ಒಪ್ಪಿಗೆಯಾಗುವುದಿಲ್ಲ.

ಹೊರದೇಶದಲ್ಲಿರುವ ಮಗನೋ ತಂಗಿಯೋ ಫೋನಿನಲ್ಲಿ ಮಾತು ಕಡಿಮೆ ಮಾಡಿದರೆ, ಸುಮ್ನೆ ಕೆಲಸ ಜಾಸ್ತಿ ಇರಬೇಕು ಅಂತ ಬಿಡಬೇಡಿ. ನಿದ್ದೆ, ಊಟ, ಗೆಳೆಯರ ಬಗ್ಗೆ ಬಿಡಿಸಿ ಕೇಳಿ. ವಾರಗಟ್ಟಲೆ ಹಾಗೇ ಇದ್ದರೆ ಅಲ್ಲಿನ ವೈದ್ಯರನ್ನು ಕಾಣಲು ಹೇಳಿ. ಊರಿಗೆ ವಾಪಸ್ ಬಂದವರು, ಇಲ್ಲಿರುವ ಮನೆಯವರು 14416ಕ್ಕೆ ಕರೆ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೂ ಮಾತಾಡಬಹುದು.